ಮೊಬೈಲಿಗೆ ಹೂಂ ಬೇಕಾಗಿಲ್ಲ

ನಮಸ್ಕಾರ್ರೀ. ವಿಜಯಪುರದಿಂದ ಮಾತಾಡಾಕತ್ತೀನಿ. ಇವತ್ತ ಸ್ವಲ್ಪ ಸಿಟ್ಟಿನಾಗ ಅದೀನಿ, ಅರ್ಧ ಸಿಟ್ಟು ನನ್ನ ಮ್ಯಾಲೇ.

ಹ್ವಾದ ವಾರ ಮನಿಯಾಗ ಮಂದಿ ಕೂಡಿದ್ದರು. ಊಟ ಆದಮ್ಯಾಲ ಐದು ವರ್ಷದ ಕೂಸೊಂದು ‘ಕಥಿ ಹೇಳ್ರಿ’ ಅಂತ ಗಂಟು ಬಿತ್ತು. ನಾನು ಹಿಡದು ಎಂಟು ಮಂದಿ ದೊಡ್ಡವರು ಇದ್ವಿ. ಒಬ್ಬರೂ ಬಾಯಿ ತಗೀಲಿಲ್ಲ. ಕೂಸಿನ ಕೈಯಾಗ ಮೊಬೈಲ್ ಕೊಟ್ಟು ಕಾಗಕ್ಕ ಗುಬ್ಬಕ್ಕನ ಕಥಿ ಹಚ್ಚಿದ್ವಿ. ಬಣ್ಣ ಛಲೋ ಇತ್ತು, ಹಾಡೂ ಇತ್ತು. ಕಡೀಕ ಕಾಗಕ್ಕ ‘ತಪ್ಪಾತು’ ಅಂತ ಅತ್ತಳು, ಇಬ್ಬರೂ ಗೆಳತ್ಯಾರಾದರು. ಕೆಳಗ ಅಕ್ಷರ ಬಂದ್ವು: ‘ಈ ಕಥೆಯ ನೀತಿ...’

ನಮ್ಮ ಆಯಿ ಹೇಳೋ ಕಥಿಯಾಗ ಕಾಗಕ್ಕ ಅಳತಿದ್ದಿಲ್ಲ. ಮಳಿಗೆ ಆಕಿ ಸಗಣಿ ಮನಿ ಹರದು ಹೋಗತಿತ್ತು. ‘ಗುಬ್ಬಕ್ಕ ಗುಬ್ಬಕ್ಕ, ಬಾಗಲಾ ತಗಿ’ ಅಂದರ ‘ತಡಿ, ಕೂಸಿಗೆ ಎಣ್ಣಿ ಹಚ್ಚಾಕತ್ತೀನಿ.’ ಮತ್ತ ಕೂಗಿದರ ‘ತಡಿ, ಎರಿಯಾಕತ್ತೀನಿ.’ ಮತ್ತ ಕೂಗಿದರ ‘ತಡಿ, ಕುಂಚಿಗಿ ಕಟ್ಟಾಕತ್ತೀನಿ.’ ಎಷ್ಟು ಸಲ ‘ತಡಿ’ ಅನ್ನೂದು ಕೌದಿಯೊಳಗ ಮಕ್ಕೊಂಡ ನಮ್ಮ ಕೈಯಾಗಿತ್ತು. ಗಟ್ಟಿಯಾಗಿ ಹೂಂ ಅಂದರ ಗುಬ್ಬಿ ಕೂಸಿಗೆ ಕಾಡಿಗಿ, ದೃಷ್ಟಿಬೊಟ್ಟು, ತೊಟ್ಲ ಎಲ್ಲಾ ಆಗತಿತ್ತು. ಹೂಂ ಸಣ್ಣದಾದರ ಬಾಗಲಾ ಲಗೂನ ತೆರೀತಿತ್ತು. ಒಳಗ ಬಂದ ಕಾಗಕ್ಕ ಚೀಲದಾಗಿನ ಕಡ್ಲಿ ಕುಟುಂ ಕುಟುಂ ತಿಂದು, ಕೇಳಿದರ ‘ಅಡಕಿ ತಿನ್ನಾಕತ್ತೀನಿ’ ಅಂದು, ಬೆಳಗಾಗೂದ್ರಾಗ ಹಾರಿ ಹೋಗತಿದ್ದಳು. ನೀತಿ ಏನು? ಆಯಿಗೆ ಕೇಳಿದ್ದರ ‘ಮಕ್ಕೋ ಸುಮ್ಮನ’ ಅಂತಿದ್ದಳು.

ನನ್ನ ತಕರಾರು ಇಷ್ಟ. ಮೊಬೈಲಿಗೆ ಹೂಂ ಬೇಕಾಗಿಲ್ಲ. ಕೂಸು ನಿದ್ದಿ ಹೋದರೂ ಅದರ ಪಾಡಿಗೆ ಅದು ನಡದ ಇರತದ. (ನಾನೂ ಅದರಾಗ ಕುಂತ ಮಾತಾಡಾಕತ್ತೀನಿ ಅನ್ನೂದು ಗೊತ್ತದ ಬಿಡ್ರಿ. ನೀವು ಹೂಂ ಅಂದರೂ ನನಗ ಕೇಳೂದಿಲ್ಲ.)

ಮಂದಿ ಒಂದು ನೆವ ಹೇಳತಾರ: ‘ಕಥಿ ಸರಿಯಾಗಿ ನೆನಪಿಲ್ರಿ, ತಪ್ಪು ಹೇಳಬಾರದಲ್ಲ.’ ಯಾವುದು ಸರಿ? 1031ರಾಗ ಕವಿ ದುರ್ಗಸಿಂಹ ಕನ್ನಡದಾಗ ಪಂಚತಂತ್ರ ಬರದಾಗ ವಿಷ್ಣುಶರ್ಮನ ದಾರಿ ಬಿಟ್ಟು, ಅದನ್ನ ಬ್ಯಾರೆ ರೀತಿ ಹೇಳಿದ ವಸುಭಾಗಭಟ್ಟನ ದಾರಿ ಹಿಡದ. ಸಾವಿರ ವರ್ಷದ ಹಿಂದೇ ಒಂದು ಕಥಿಗೆ ಎರಡು ದಾರಿ ಇದ್ದವು. ನಿಮ್ಮ ಮನಿಯಾಗ ಮೂರನೇದು ಆದರ ಆಗವಲ್ದ್ಯಾಕ?

1950ರ ದಶಕದಾಗ ಬೆಳಗಾವಿಯ ಲಿಂಗರಾಜ ಕಾಲೇಜಿನಾಗ ಎ.ಕೆ. ರಾಮಾನುಜನ್ ಇಂಗ್ಲಿಷ್ ಕಲಿಸತಿದ್ದರು. ಅವರು ಕೂಡಿಸಿಟ್ಟ ಕನ್ನಡ ಜನಪದ ಕಥಿಗಳಾಗ ಒಂದು ನನ್ನ ಬೆನ್ನು ಬಿಟ್ಟಿಲ್ಲ. ಒಬ್ಬ ಹೆಣಮಗಳಿಗೆ ಒಂದು ಕಥಿ, ಒಂದು ಹಾಡು ಬರತಿತ್ತು. ಯಾರಿಗೂ ಹೇಳಲಿಲ್ಲ. ಒಳಗ ಉಸಿರುಗಟ್ಟಿ, ಆಕಿ ಬಾಯಿ ತೆರದು ಮಲಗಿದಾಗ ಎರಡೂ ಹೊರಗ ಬಿದ್ದವು. ಕಥಿ ಹೊಸ್ತಲದಾಗ ಒಂದು ಜೊತಿ ಬೂಟಾತು, ಹಾಡು ಗಂಡಸಿನ ಕೋಟಾಗಿ ಗೂಟಕ್ಕ ಜೋತುಬಿತ್ತು. ಗಂಡ ಬಂದು ನೋಡಿದ. ‘ಯಾರ ಕೋಟು ಇದು?’ ಮನಿಯಾಗ ಜಗಳ. ಆಂವ ಹನುಮಪ್ಪನ ಗುಡಿಗೆ ಮಲಗಾಕ ಹ್ವಾದ. ಊರಾಗ ಆರಿಸಿದ ದೀಪದ ಕುಡಿಗಳೆಲ್ಲ ರಾತ್ರಿ ಅಲ್ಲೇ ಕೂಡಿ ಹರಟಿ ಹೊಡೀತಿದ್ವಂತ. ತಡಾ ಆಗಿ ಬಂದ ಅವರ ಮನಿ ದೀಪ ನಡದದ್ದೆಲ್ಲಾ ಹೇಳಿತು. ಗಂಡ ಮನಿಗೆ ಬಂದು ಕೇಳಿದರ ಆಕಿ, ‘ಯಾವ ಕಥಿ, ಯಾವ ಹಾಡು?’ ಎರಡೂ ಮರತಿದ್ದಳು.

ಆ ಎಂಟು ಮಂದಿಯೊಳಗ ನಾ ಆಕಿನ್ನ ನೋಡಿದೆ.

ಮೊನ್ನೆ ರಾತ್ರಿ ಕರೆಂಟ್ ಹೋತು. ಅದ ಕೂಸಿನ ಮುಂದ ಶುರು ಮಾಡಿದೆ. ಎಣ್ಣಿ ಆತು, ಕುಂಚಿಗಿ ಆತು, ಕಾಡಿಗಿ ಆತು, ತೊಟ್ಲನೂ ಆತು. ನನ್ನ ಸರಕು ಮುಗೀತು, ಕೂಸಿನ ಹೂಂ ಮಾತ್ರ ಇನ್ನೂ ಗಟ್ಟಿ. ನಾ ತಡವರಸೂದು ನೋಡಿ ಅದ ಮುಂದ ಹೇಳಿತು: ‘ತಡಿ, ಕೂಸಿಗೆ ಡೈಪರ್ ಹಾಕಾಕತ್ತೀನಿ.’

ನಾ ಹೂಂ ಅಂದೆ.