ಗಣಿಯೊಳಗಿನ ಅರ್ಥ್ ವೈರು

ನಮಸ್ಕಾರ್ರೀ ಎಲ್ಲಾರಿಗೂ. ನಾನು ಈಗ ವಾಸ್ಕೋದಾಗ ಇರ್ತೀನಿ, ಇಲ್ಲಿಗೆ ಬರೋದಕ್ಕ ಮೊದಲು ಊರ ಕಡೆ ನೆಲದೊಳಗಿನ ಗಣಿಯಾಗ ಎಲೆಕ್ಟ್ರಿಷಿಯನ್ ಆಗಿದ್ದೆ. ಗೋವಾದಾಗ ಗಣಿ ಅಂದ್ರ ಡಿಚೋಲಿ, ಸಾಂಗೆ ಕಡೆ ಗುಡ್ಡ ಕಡಿದು ಅದಿರು ತೆಗೆಯೋದು, ಮ್ಯಾಲೆ ನೋಡಿದ್ರ ಆಕಾಶ ಕಾಣ್ತದ. ನಾನು ಹೇಳೋದು ಕೋಲಾರದಂಥಾ ಗಣೀದು, ಶಿವನಸಮುದ್ರದಿಂದ 1902ರಾಗೇ ಕರೆಂಟ್ ಹೋಗಿದ್ದು, ಮೂರು ಕಿಲೋಮೀಟರಿಗಿಂತ ಆಳ ಇಳಿದಿದ್ದು.

ಮನ್ಯಾಗ ಅರ್ಥಿಂಗ್ ಅಂದ್ರ, ಮಷಿನ್ ಬಾಡಿಗೆ ಬಂದ ಕರೆಂಟ್ ನಮ್ಮ ಮೈಯಾಗ ಹಾಯದೆ ಭೂಮಿಗೆ ಇಳೀಲಿ ಅಂತ ಗುಂಡಿ ತೋಡಿ, ಪ್ಲೇಟ್ ಇಟ್ಟು, ಇದ್ದಲಿ ಉಪ್ಪು ತುಂಬಿ ನೀರು ಹಾಕ್ತೀವಿ. ಗಣಿಯೊಳಗ ಸುತ್ತೂ ಭೂಮೀನೇ ಅದಲ್ಲ, ಅಲ್ಲೇ ಒಂದು ರಾಡ್ ಹೊಡೆದ್ರಾತು ಅಂತ ಭಾಳ ಮಂದಿ ತಿಳೀತಾರ, ಆದ್ರ ಅದು ಗಟ್ಟಿ ಒಣ ಬಂಡೆ, ಕರೆಂಟ್ ಅದರಾಗ ಸರಾಗ ಹರಿಯಂಗಿಲ್ರಿ. ಅದಕ್ಕ ಒಂದೊಂದು ಪಂಪು, ಅದಿರು ತುಂಬೋ ಲೋಡರಿನ ಬಾಡಿಯಿಂದಾನೂ ಕೇಬಲ್ ಒಳಗೇ ಒಂದು ಅರ್ಥ್ ವೈರು ಸಬ್‌ಸ್ಟೇಷನ್ ತನಕ ವಾಪಸ್ ಹೋಗಬೇಕು. ಅಲ್ಲಿ ಭೂಮಿ ಅಂದ್ರ ಆ ವೈರೇ.

ಕೇಬಲ್ ಮ್ಯಾಲೆ ಕಲ್ಲು ಬೀಳ್ತದ, ಗಾಲಿ ಹಾಯ್ತದ, ಇನ್ಸುಲೇಷನ್ ಹರಿದು ಕರೆಂಟ್ ಮಷಿನ್ ಬಾಡಿಗೆ ಬರ್ತದ. ಆಗ 300 ಆಂಪಿಯರ್ ಹರೀತು ಅನ್ರಿ, ಅರ್ಥ್ ವೈರಿನ ರೆಸಿಸ್ಟೆನ್ಸ್ ಒಂದೇ ಓಮ್ ಇದ್ರೂ ಬಾಡಿ ಮ್ಯಾಲೆ 300 ವೋಲ್ಟ್. ಟ್ರಾನ್ಸ್‌ಫಾರ್ಮರ್ ನ್ಯೂಟ್ರಲ್ಲಿಗೆ, ಅಂದ್ರ ಆ ಕರೆಂಟ್ ವಾಪಸ್ ಬಂದು ಸೇರೋ ತುದಿಗೆ, ಒಂದು ರೆಸಿಸ್ಟರ್ ಹಾಕಿ ಆ ಕರೆಂಟನ್ನ 10 ಆಂಪಿಯರಿಗೆ ತಡೆದ್ರ ಬರೇ 10 ವೋಲ್ಟ್, ಅಷ್ಟರಾಗ ತಪ್ಪು ಕರೆಂಟ್ ಗುರುತಿಸೋ ರಿಲೇ ಟ್ರಿಪ್ ಆಗಿ ಸಪ್ಲೈ ಬಂದ್ ಆಗ್ತದ, ಕೈ ಇಟ್ಟಾಂವ ಮನಿಗೆ ಹೋಗ್ತಾನ. ಕಲ್ಲಿದ್ದಲ ಗಣಿಯಾಗಂತೂ ಗಾಳಿಯೊಳಗ ಮೀಥೇನ್ 5ರಿಂದ 15 ಪರ್ಸೆಂಟ್ ಕೂಡಿದ್ರ ಒಂದು ಕಿಡಿ ಸಾಕು, ಅದಕ್ಕ ಅಲ್ಲಿ ಇನ್ನೂ ಕಡಿಮಿ ಕರೆಂಟಿಗೆ ತಡೀತಾರ.

ನನಗ ಭಾಳ ಹೆದರಿಕಿ ಇದ್ದದ್ದು ಬ್ಯಾರೇದ್ದಕ್ಕ. ಅರ್ಥ್ ವೈರು ಹರಿದ್ರೂ ಮಷಿನ್ ಓಡ್ತಾನೇ ಇರ್ತದ, ಯಾರಿಗೂ ಗೊತ್ತಾಗಂಗಿಲ್ಲ. ಅದಕ್ಕಂತಾನೇ ಕೇಬಲ್ಲಿನಾಗ ಪೈಲಟ್ ಅಂತ ಇನ್ನೊಂದು ಸಣ್ಣ ವೈರು ಹಾಕ್ತಾರ, ಅದೂ ಅರ್ಥ್ ವೈರೂ ಕೂಡಿ ಒಂದು ಸುತ್ತು, ಆ ಸುತ್ತು ಎಲ್ಲಿ ಹರಿದ್ರೂ ಸಪ್ಲೈ ಬಂದ್.

ನಮ್ಮ ಗಣಿಯಾಗ ನೀರು ಬಂದು ಕೂಡೋ ಸಂಪಿನ ಹಳೇ ಪಂಪಿಗೆ ಪೈಲಟ್ ಇರಲಿಲ್ಲ. ಮೊಣಕಾಲಿನ ತನಕ ನೀರು, ಹೆಲ್ಪರ್ ಹುಡುಗ "ಅಣ್ಣಾ, ಮುಟ್ಟಿದ್ರ ಜುಮ್ ಅಂತದ" ಅಂದ. ಸಪ್ಲೈ ತೆಗಿಸಿ ಅರ್ಥ್ ಬೋಲ್ಟ್ ಬಿಚ್ಚಿದೆ, ಪಂಪಿಗೆ ಹೊಸಾ ಪೇಂಟ್ ಹೊಡೆದಾಂವ ಬೋಲ್ಟ್ ಕೂಡೋ ಜಾಗಕ್ಕೂ ದಪ್ಪಗ ಹೊಡೆದಿದ್ದ, ಅದರ ಮ್ಯಾಲೇ ಬಿಗಿದಿದ್ರು. ಹೊರಗಿಂದ ನೋಡಿದ್ರ ಎಲ್ಲಾ ಚೊಲೋ. ಹೊಳಿಯೋ ಕಬ್ಬಿಣ ಕಾಣೋ ತನಕ ಫೈಲ್ ಹಾಕಿ ಉಜ್ಜಿದೆ, ಆ ಹುಡುಗ ಬ್ಯಾಟರಿ ಹಿಡ್ಕೊಂಡು ನಿಂತಿದ್ದ, ಅವನ ಕೈ ನಡಗತಿತ್ತು.

ಮೊನ್ನೆ ನಮ್ಮ ಚಾಳದಾಗಿನ ಬಾಗಲಕೋಟಿ ಅಕ್ಕಾರೂ ಗೀಸರ್ ಮುಟ್ಟಿದ್ರ ಜುಮ್ ಅಂತದ ಅಂದ್ರು. ಬೋರ್ಡ್ ಬಿಚ್ಚಿದ್ರ ಮೂರನೇ ತೂತಿಗೆ ವೈರೇ ಇಲ್ಲ. ಸಂಜೀಕ ಹಸಿರು ವೈರು ತಂದು ಕೆಳಗಿನ ಗುಂಡಿ ತನಕ ಎಳೆದು ಕೊಟ್ಟೀನಿ, ಬ್ಯಾಸಿಗ್ಯಾಗ ಆ ಗುಂಡಿಗೆ ನೀರು ಹಾಕೋದು ಮರೀಬ್ಯಾಡ್ರಿ ಅಕ್ಕಾರ ಅಂತ ಹೇಳಿ ಬಂದೀನಿ.