ಹಿಂದಕ್ಕೆ ಹೋಗುವ ಗೇರಿಲ್ಲದ ಗಾಡಿ

ಕೊನೆಗೂ ಬೈಕು ತಗೊಂಡೆ. ರಾಯಲ್ ಎನ್‌ಫೀಲ್ಡ್ ಸೂಪರ್ ಮೀಟಿಯರ್ 650. ಬಂದು ಎರಡು ತಿಂಗಳಾಯಿತು, ಬೆಳಗ್ಗೆ ಎದ್ದ ಕೂಡಲೇ ಕಿಟಕಿಯಿಂದ ಇಣುಕಿ ನೋಡುವುದು ಇನ್ನೂ ನಿಂತಿಲ್ಲ.

ನನ್ನ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. 46 ವರ್ಷ, ಊರು ಮೈಸೂರು, ಬ್ಯಾಂಕಿನಲ್ಲಿ ಕೆಲಸ. ಎತ್ತರ ಐದಡಿ ಮೂರಿಂಚು. ಬಲಗಾಲಿನ ಮಂಡಿ ಆಗಾಗ ಕೈಕೊಡುತ್ತದೆ.

ಆಸೆ ಮಾತ್ರ ಹಳೆಯದು. ನಮ್ಮ ಸೋದರಮಾವನ ಹತ್ತಿರ ಯೆಜ್ಡಿ ಇತ್ತು. ನಮ್ಮೂರಿನ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲೇ ಹುಟ್ಟಿದ ಗಾಡಿ. ಅದರಲ್ಲಿ ಕಿಕ್ಕರೂ ಗೇರೂ ಒಂದೇ ಲಿವರ್. ಮಾವ ಅದನ್ನು ಒಳಕ್ಕೆ ಒತ್ತಿ, ಮೇಲಕ್ಕೆ ತಿರುಗಿಸಿ ಒಂದು ಒದೆ ಕೊಡುತ್ತಿದ್ದರು. ಸ್ಟಾರ್ಟ್ ಆದಮೇಲೆ ಅದೇ ಲಿವರ್ ಮುಂದಕ್ಕೆ ಮಲಗಿ ಗೇರ್ ಆಗುತ್ತಿತ್ತು. ನನಗೆ ಅದು ಜಾದೂ. ಫ್ಯಾಕ್ಟರಿ 1996ರಲ್ಲಿ ಮುಚ್ಚಿತು. ನಾನಾಗ ಪಿಯುಸಿ.

ಹಾಗಾದರೆ ಇಷ್ಟು ವರ್ಷ ಯಾಕೆ ತಗೊಳ್ಳಲಿಲ್ಲ? ದುಡ್ಡಿಲ್ಲ ಅಂತ ಎಲ್ಲರಿಗೂ ಹೇಳುತ್ತಿದ್ದೆ. ಸುಳ್ಳು. ನನಗೆ ನಾಚಿಕೆ. ಜನ ನನ್ನನ್ನೂ ‘ಅವರ’ ಲೆಕ್ಕಕ್ಕೆ ಸೇರಿಸಿಬಿಟ್ಟರೆ? ಯಾರು ಅಂತ ನಿಮಗೆ ಗೊತ್ತು. ಭಾನುವಾರ ಬೆಳಗಿನ ಜಾವ ಬೀದಿಯನ್ನೆಲ್ಲ ಎಬ್ಬಿಸಿಕೊಂಡು ಚಾಮುಂಡಿ ಬೆಟ್ಟಕ್ಕೆ ಹೊರಡುವವರು. ಬೈಲುಕುಪ್ಪೆಯಲ್ಲಿ ಕೊಂಡ ಟಿಬೆಟಿನ ಪ್ರಾರ್ಥನಾ ಬಾವುಟವನ್ನು ಹ್ಯಾಂಡಲ್‌ಗೆ ಕಟ್ಟಿ ಲಡಾಖ್ ಕಥೆ ಹೇಳುವವರು. ಅಲ್ಲಿನ ಖರ್ದುಂಗ್ ಲಾ ಕಣಿವೆದಾರಿ ಹತ್ತದವನು ರೈಡರ್ರೇ ಅಲ್ಲ ಅನ್ನುವವರು. ಬರೀ ಶೋಕಿ ಅಂತ ಇಪ್ಪತ್ತು ವರ್ಷ ಬೈದುಕೊಂಡೇ ಓಡಾಡಿದೆ. ಸ್ಕೂಟರಿನಲ್ಲಿ.

ಕಾದಿದ್ದಕ್ಕೆ ದಂಡವೂ ಬಿತ್ತು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಅದಕ್ಕಿಂತ ದೊಡ್ಡವಕ್ಕೆ ಸೆಸ್ ಸೇರಿ ಶೇ 31 ಇದ್ದದ್ದು 40 ಆಯಿತು. ಊರೆಲ್ಲ ಬೆಲೆ ಇಳಿಯಿತು ಅಂತ ಗಾಡಿ ಬುಕ್ ಮಾಡುವಾಗ ನಾನು ಏರಿದ ತೆರಿಗೆ ಕಟ್ಟಿದೆ. ಬ್ಯಾಂಕಿನವನ ಲೆಕ್ಕಾಚಾರ ನೋಡಿ.

ಇದೇ ಗಾಡಿ ಯಾಕೆ? ಸೀಟು. ಅದೇ ಕಂಪನಿಯ ಹಿಮಾಲಯನ್ 450 ಬೈಕಿನ ಸೀಟು 825 ಮಿಲಿಮೀಟರ್ ಎತ್ತರ. ಅದರ ಮೇಲೆ ಕೂತರೆ ನನ್ನ ಕಾಲ್ಬೆರಳು ಮಾತ್ರ ನೆಲ ಮುಟ್ಟುತ್ತಿತ್ತು. ಇದರದ್ದು 740. ಪಾದ ಪೂರ್ತಿ ಊರುತ್ತದೆ. ತೂಕ 241 ಕೆಜಿ ಅನ್ನುವುದನ್ನೂ ಓದಿದ್ದೆ, ಅರ್ಥ ಆಗಿರಲಿಲ್ಲ ಅಷ್ಟೇ.

ಅರ್ಥ ಆದದ್ದು ಬಾಳೆಹೊನ್ನೂರಿನ ಹತ್ತಿರ. ಶೃಂಗೇರಿಗೆ ಹೊರಟಿದ್ದೆ, ಮೊದಲ ದೂರದ ಸವಾರಿ. ರಸ್ತೆ ಪಕ್ಕ ಒಂದು ಚಿಕ್ಕ ಹೋಟೆಲ್, ಅದರ ಮುಂದೆ ಇಳಿಜಾರು. ನೇರ ಇಳಿಸಿ, ಮುಂದಿನ ಚಕ್ರ ಗೋಡೆಗೆ ತಾಗುವ ಹಾಗೆ ನಿಲ್ಲಿಸಿ ಒಳಗೆ ಹೋದೆ. ಕಡುಬು, ಕಾಫಿ ಆಯಿತು. ಹೊರಗೆ ಬಂದು ಹಿಂದಕ್ಕೆ ತಳ್ಳಿದರೆ ಗಾಡಿ ಅಲ್ಲಾಡಲಿಲ್ಲ. ಜಲ್ಲಿ ಮೇಲೆ ಶೂ ಜಾರುತ್ತಿದೆ, ಕನ್ನಡಕದ ಮೇಲೆ ಬೆವರು ತೊಟ್ಟಿಕ್ಕುತ್ತಿದೆ. ತೋಟದ ಕೆಲಸಕ್ಕೆ ಹೊರಟ ಹೆಂಗಸೊಬ್ಬರು ಕಾಫಿ ಲೋಟ ಹಿಡಿದು ನೋಡುತ್ತಾ ನಿಂತಿದ್ದರು.

‘ಇದ್ಕೆ ಹಿಂದಕ್ ಹೋಗೋ ಗೇರಿಲ್ವಾ?’

‘ಇಲ್ಲಮ್ಮ.’

‘ಇಷ್ಟ್ ದೊಡ್ಡ ಗಾಡಿಗೆ?’

ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಷ್ಟರಲ್ಲಿ ನಾಲ್ಕು ಬೈಕು ಬಂದು ನಿಂತವು. ಅವರೇ. ಜಾಕೆಟ್, ಹೆಲ್ಮೆಟ್ ಮೇಲೆ ಕ್ಯಾಮೆರಾ. ಒಬ್ಬನ ಸೈಲೆನ್ಸರ್ ಅಂತೂ ದೀಪಾವಳಿ. ಮುಗಿಯಿತು, ಸಂಜೆಯೊಳಗೆ ನಾನು ರೀಲ್ಸ್‌ನಲ್ಲಿ ಬರುತ್ತೇನೆ ಅಂದುಕೊಂಡೆ. ಆ ದೀಪಾವಳಿ ಹುಡುಗನೇ ಕ್ಯಾಮೆರಾ ಆಫ್ ಮಾಡಿ ಬಂದ. ‘ಅಂಕಲ್, ನೀವು ಕೂತ್ಕೊಳ್ಳಿ, ನ್ಯೂಟ್ರಲ್ ಮಾಡಿ.’ ಇಬ್ಬರು ಮುಂದಿನಿಂದ ತಳ್ಳಿದರು, ಒಬ್ಬ ಹಿಂದಿನಿಂದ ಎಳೆದ. ಆಮೇಲೆ ಮೇಷ್ಟ್ರ ಥರ ಪಾಠವನ್ನೂ ಹೇಳಿದ: ಇಳಿಜಾರಿನಲ್ಲಿ ಯಾವಾಗಲೂ ಮೂತಿ ಏರಿನ ಕಡೆಗೆ ಇರಬೇಕು, ಫಸ್ಟ್ ಗೇರಿನಲ್ಲಿ ಬಿಟ್ಟು ಇಳಿಯಬೇಕು.

ಹಾಗಂತ ಸೈಲೆನ್ಸರ್ ವಿಷಯದಲ್ಲಿ ನಾನು ಬದಲಾಗಿಲ್ಲ. ಕಾನೂನಿನಲ್ಲಿ 10,000 ರೂಪಾಯಿವರೆಗೆ ದಂಡ ಇದೆ, ಹಾಕಲಿ. ಆ ಹುಡುಗನಿಗೆ ಅದನ್ನು ಹೇಳುವ ಧೈರ್ಯ ಬರಲಿಲ್ಲ, ಕಾಫಿ ಕೊಡಿಸಿದೆ. ಆದರೆ ಜಾಕೆಟ್ ವಿಷಯದಲ್ಲಿ ತಪ್ಪು ನನ್ನದೇ. ಅದೂ ಶೋಕಿ ಅಂದುಕೊಂಡಿದ್ದೆ. ಮುಟ್ಟಿ ನೋಡಿದರೆ ಭುಜಕ್ಕೆ, ಮೊಣಕೈಗೆ ಗಟ್ಟಿ ಪ್ಯಾಡ್. ನಾನೂ ಒಂದು ತಗೊಂಡೆ. ‘ರೀ, ಆಮೆ ಥರ ಕಾಣ್ತೀರಿ’ ಅಂದಳು ನನ್ನ ಹೆಂಡತಿ. ಆಮೆಗೂ ಚಿಪ್ಪು ಇರುವುದು ಶೋಕಿಗಲ್ಲ ಅಲ್ವಾ?

ಇನ್ನು ಸ್ಪೀಡಿನ ಮಾತು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಗೆ 2023ರ ಆಗಸ್ಟ್ 1ರಿಂದ ಬೈಕುಗಳನ್ನು ಬಿಡುವುದಿಲ್ಲ. 650 ಸಿಸಿ ಆದರೂ ಸರ್ವಿಸ್ ರಸ್ತೆಯೇ ಗತಿ, ಕಬ್ಬಿನ ಟ್ರ್ಯಾಕ್ಟರ್ ಹಿಂದೆ. ಆಫೀಸಿನಲ್ಲಿ ಎಲ್ಲರಿಗೂ ನಗು. ನನಗೇನೂ ಬೇಜಾರಿಲ್ಲ. ಮೇಲಿನವರು ಮದ್ದೂರು ದಾಟಿದ್ದೇ ಗೊತ್ತಾಗದ ಹಾಗೆ ಹೋಗುತ್ತಾರೆ, ನಾನು ಕೆಳಗೆ ವಡೆ ತಿನ್ನುತ್ತಿರುತ್ತೇನೆ.

ಹೋದ ವಾರ ಮಾವ ಗಾಡಿ ನೋಡಲು ಬಂದಿದ್ದರು. ಒಂದು ಸುತ್ತು ಬಂದರು. ಬಗ್ಗಿ ನೋಡಿದರು.

‘ಕಿಕ್ಕರ್ ಎಲ್ಲೋ?’

‘ಇಲ್ಲ ಮಾವ. ಬಟನ್ ಅಷ್ಟೇ.’

‘ಬ್ಯಾಟರಿ ಹೋದ್ರೆ? ಇದನ್ನ ತಳ್ಳೋರು ಯಾರು?’

ಬಾಳೆಹೊನ್ನೂರಿನ ವಿಷಯ ಅವರಿಗೆ ಹೇಳಿಲ್ಲ. ನೀವೂ ಹೇಳಬೇಡಿ.