ಹ್ಯಾಂಡಲ್ ಆಮೇಲೆ ಆರಿಸಿ, ಮೊದಲು ಬಾಗಿಲು ಅಳೀರಿ

ನಮಸ್ಕಾರ. ಮನೆ ಕಟ್ಟಿಸೋರು, ಫ್ಲಾಟ್‌ಗೆ ಇಂಟೀರಿಯರ್ ಮಾಡಿಸೋರು ಬೆಂಗಳೂರಿನ ಎಸ್.ಪಿ. ರೋಡ್‌ಗೋ ಏರಿಯಾದ ಹಾರ್ಡ್‌ವೇರ್ ಅಂಗಡಿಗೋ ಹೋದ್ರೆ ಮೊದಲು ನೋಡೋದು ಹ್ಯಾಂಡಲ್ ಬಣ್ಣ. ಮ್ಯಾಟ್ ಬ್ಲ್ಯಾಕಾ, ರೋಸ್ ಗೋಲ್ಡಾ ಅಂತ ಅರ್ಧ ದಿನ ಹೋಗುತ್ತೆ. ಬಾಗಿಲೊಳಗೆ ಕೂರೋ ಲಾಕ್ ಬಾಡಿ, ಇಡೀ ಬಾಗಿಲನ್ನ ಹೊರೋ ಹಿಂಜು, ಇವೆರಡನ್ನೂ ಕಾರ್ಪೆಂಟರ್ ಇಷ್ಟಕ್ಕೆ ಬಿಟ್ಟುಬಿಡ್ತಾರೆ. ಇದು ಪೂರ್ತಿ ತಲೆಕೆಳಗು. ಬಜೆಟ್ ಬಿಗಿ ಇದ್ರೆ ಹ್ಯಾಂಡಲ್ ಸಾದಾ ಇರಲಿ, ಲಾಕ್ ಬಾಡಿ ಮತ್ತು ಹಿಂಜಿನಲ್ಲಿ ಮಾತ್ರ ಉಳಿತಾಯ ಬೇಡ.

ಅಂಗಡಿಗೆ ಹೋಗೋ ಮುಂಚೆ ಬಾಗಿಲಿನ ದಪ್ಪ ಅಳೀರಿ. ರೂಮಿನ ಫ್ಲಶ್ ಡೋರ್, ಅಂದ್ರೆ ಎರಡೂ ಕಡೆ ಸಪಾಟಾಗಿರೋ ಬಾಗಿಲು, ಸಾಮಾನ್ಯವಾಗಿ 30, 32 ಇಲ್ಲಾ 35 ಮಿಲಿಮೀಟರ್ ಇರುತ್ತೆ. ಮಾರ್ಟಿಸ್ ಲಾಕ್ ಕೂರಿಸೋಕೆ ಅಂಚಿನಲ್ಲಿ ಸುಮಾರು 16 ಮಿಲಿಮೀಟರ್ ಅಗಲದ ಗೂಡು ಕೊರೀಬೇಕು. 30ರ ಬಾಗಿಲಾದ್ರೆ ಆ ಕಡೆ 7, ಈ ಕಡೆ 7 ಮಿಲಿಮೀಟರ್ ಮರ ಉಳಿಯುತ್ತೆ, ಅಷ್ಟೇ. ಉಳಿ ಒಂಚೂರು ವಾಲಿದ್ರೂ ಲ್ಯಾಮಿನೇಟ್ ಉಬ್ಬುತ್ತೆ, ಇಲ್ಲಾ ಸೀಳುತ್ತೆ. ಅಷ್ಟು ತೆಳು ಬಾಗಿಲಿಗೆ ಉದ್ದದ ಗೂಡೇ ಬೇಡದ, ದುಂಡು ರಂಧ್ರದಲ್ಲಿ ಕೂರೋ, ಕೀಲಿ ಇಲ್ಲದ ಟ್ಯೂಬುಲರ್ ಲ್ಯಾಚ್ ಹಾಕೋದು ವಾಸಿ. ಹೇಗೂ ಮಲಗೋ ಕೋಣೆಗೆ ಕೀಲಿ ಹಾಕ್ಕೊಂಡು ಓಡಾಡೋ ಮನೆ ಎಷ್ಟಿವೆ?

ಮಾರ್ಟಿಸ್ಸೇ ಬೇಕು ಅನ್ನೋದಾದ್ರೆ ಹ್ಯಾಂಡಲ್ ನಡುವಿನಿಂದ ಕೀಲಿ ರಂಧ್ರದ ನಡುವಿಗೆ 85 ಮಿಲಿಮೀಟರ್ ಇರೋದನ್ನೇ ಕೇಳಿ. ನಮ್ಮ ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗೋ ಅಳತೆ ಅದು. ನಾಲ್ಕೈದು ವರ್ಷ ಬಿಟ್ಟು ಒಳಗಿನ ಸ್ಪ್ರಿಂಗ್ ಹೋದಾಗ ಬೇರೆ ಕಂಪನಿಯ ಬಾಡಿ ಹುಡುಕಿದ್ರೂ ಹಳೇ ಹ್ಯಾಂಡಲ್ ಪ್ಲೇಟಿಗೆ ಹೊಂದೋ ಸಾಧ್ಯತೆ ಇರುತ್ತೆ. ವಿಚಿತ್ರ ಅಳತೆ ತಗೊಂಡ್ರೆ ಮತ್ತೆ ಬಾಗಿಲು ಕೊರೀಬೇಕು. ಬಾಗಿಲಂಚಿನಿಂದ ಹ್ಯಾಂಡಲ್ ನಡುವಿಗೆ ಎಷ್ಟಿದೆ ಅಂತಾನೂ ನೋಡಿ. ಅದು ತೀರಾ ಕಮ್ಮಿ ಇದ್ದು ಹ್ಯಾಂಡಲ್ ದುಂಡಗಿದ್ರೆ ಬಾಗಿಲು ಎಳೆಯೋವಾಗ ಬೆರಳ ಗೆಣ್ಣು ಚೌಕಟ್ಟಿಗೆ ತರಚುತ್ತೆ.

ದುಂಡು ಹಿಡಿ ನನ್ನ ಲೆಕ್ಕದಲ್ಲಿ ಮನೆಯೊಳಗೆ ಬೇಡವೇ ಬೇಡ. ಸೋಪಿನ ಕೈ ಜಾರುತ್ತೆ, ಗಂಟು ನೋವಿರೋ ಅಜ್ಜಿಗೆ ತಿರುಗಿಸೋಕಾಗಲ್ಲ. ಕೆಳಗೆ ಒತ್ತಿ ತೆರೆಯೋ ಲಿವರ್ ಹ್ಯಾಂಡಲ್ ತಗೊಳ್ಳಿ, ಅದರಲ್ಲೂ ತುದಿ ಬಾಗಿಲ ಕಡೆಗೆ ಬಾಗಿರೋದು. ನೇರ ತುದಿಗೆ ಸೀರೆ ಸೆರಗು, ಪ್ಯಾಂಟಿನ ಜೇಬು ಸಿಕ್ಕಿಕೊಂಡು ಹರಿಯುತ್ತೆ. ಕೂರಿಸೋವಾಗ ಬರೀ ಮರದ ಸ್ಕ್ರೂ ಹೊಡೆದು ಬಿಡೋಕೆ ಒಪ್ಪಬೇಡಿ. ಈ ಕಡೆಯಿಂದ ಆ ಕಡೆಗೆ ಬಾಗಿಲು ತೂರಿ ಹೋಗೋ ಬೋಲ್ಟ್ ಇರೋ ಹ್ಯಾಂಡಲ್ ತಗೊಳ್ಳಿ. ಸಣ್ಣ ಸ್ಕ್ರೂ ಎಳೆತಕ್ಕೆ ಮರದಲ್ಲಿ ಸಡಿಲ ಆಗುತ್ತೆ, ಆಗ ಹ್ಯಾಂಡಲ್ ಜೋತು ಬೀಳುತ್ತೆ.

ಇನ್ನು ಮ್ಯಾಗ್ನೆಟ್ ವಿಷಯ. ಹ್ಯಾಂಡಲ್‌ಗೋ ಹಿಂಜಿಗೋ ಮ್ಯಾಗ್ನೆಟ್ ಇಟ್ಟು, ಅಂಟಲಿಲ್ಲ ನೋಡಿ, 304 ಸ್ಟೀಲ್ (ಸುಲಭಕ್ಕೆ ತುಕ್ಕು ಹಿಡಿಯದ ಗ್ರೇಡ್) ಅಂತಾರೆ ಅಂಗಡಿಯವರು. ಅಗ್ಗದ 202 ಗ್ರೇಡಿಗೂ ಅದು ಅಷ್ಟಾಗಿ ಅಂಟಲ್ಲ. ಹಾಗಾಗಿ ಬಿಲ್ಲಿನಲ್ಲಿ 304 ಅಂತ ಬರೆಸಿಕೊಳ್ಳಿ. 7 ಅಡಿ ಬಾಗಿಲಿಗೆ 4 ಇಂಚಿನ ಹಿಂಜು ಮೂರು ಬೇಕು, ಎರಡರಲ್ಲಿ ಮುಗಿಸೋಕೆ ಬಿಡಬೇಡಿ.

ಮಳೆಗಾಲದಲ್ಲಿ ಬಾಗಿಲು ಬಿಗಿಯಾದಾಗ ಕಾರ್ಪೆಂಟರ್ ಕರೆಸಿ ಅಂಚು ಹೆರೆಸ್ತೀವಿ. ಆದ್ರೆ ಮೇಲಿನ, ಕೆಳಗಿನ ಅಂಚಿಗೆ ಸೀಲರ್ರೋ ಪೇಂಟೋ ಹಚ್ಚದೇ ಇದ್ರೆ ಮರ ಅಲ್ಲಿಂದಲೇ ತೇವ ಕುಡಿಯೋದು. ಬರೀ ಹೆರೆದ್ರೆ ಬೇಸಿಗೆಯಲ್ಲಿ ಸಂದು ದೊಡ್ಡದಾಗಿ ಲ್ಯಾಚ್ ಹಿಡಿಯೋದೇ ಇಲ್ಲ. ಬಾಗಿಲು ಕೂರಿಸೋ ಮುಂಚೆನೇ ಆರೂ ಮುಖಕ್ಕೆ ಹಚ್ಚಿಸಿ, ಸುತ್ತ 3 ಮಿಲಿಮೀಟರ್ ಸಂದು ಬಿಡಿಸಿ.

ಬಾತ್‌ರೂಮ್ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗೇ ಹೇಳ್ತೀನಿ. ಬೋರ್‌ವೆಲ್ ನೀರಿನ ಬಿಳಿ ಕಲೆ ತೆಗೆಯೋಕೆ ನಾವು ಆಸಿಡ್ ಸುರೀತೀವಿ, ಅದರ ಆವಿಗೆ ಬಣ್ಣದ ಲೇಪನ ಇರೋ ಹ್ಯಾಂಡಲ್ ಬೇಗ ಗುಳ್ಳೆ ಏಳುತ್ತೆ. ಅಲ್ಲಿ ಸಾದಾ 304 ಸ್ಟೀಲ್ ಹಾಕಿ. ಅದಕ್ಕೂ ಆಸಿಡ್ ಒಗ್ಗಲ್ಲ, ತೊಳೆದ ಮೇಲೆ ಬರೀ ನೀರಲ್ಲಿ ಒರೆಸಿ. ಅದಕ್ಕಿಂತ ಮುಖ್ಯ, ಒಳಗೆ ಲಾಕ್ ಹಾಕಿದ್ರೂ ಹೊರಗಿಂದ ನಾಣ್ಯ ಇಟ್ಟು ತಿರುಗಿಸಿದ್ರೆ ತೆರೆಯೋ ಬಾತ್‌ರೂಮ್ ಲಾಕನ್ನೇ ಕೇಳಿ ತಗೊಳ್ಳಿ. ಮಗು ಚಿಲಕ ಹಾಕ್ಕೊಂಡು ಅಳ್ತಾ ನಿಂತಾಗ, ವಯಸ್ಸಾದವರು ಒಳಗೆ ಬಿದ್ದಾಗ, ಬಾಗಿಲು ಒಡೆಯೋ ಹೊತ್ತು ನಮ್ಮ ಹತ್ರ ಇರಲ್ಲ. ಇಷ್ಟೆಲ್ಲಾ ಮಾಡಿ ಅದರ ಮೇಲೊಂದು ಟವರ್ ಬೋಲ್ಟ್ (ಒಳಗಿಂದ ಸರಿಸೋ ಉದ್ದ ಚಿಲಕ) ಹೊಡೆಸಿದ್ರೆ ಆ ಲಾಕ್ ಇದ್ದೂ ಇಲ್ಲದ ಹಾಗೆ. ಬಾಗಿಲು ಹೊರಗೆ ತೆರೆಯೋ ಹಾಗೆ ಮಾಡೋಕೆ ಜಾಗ ಇದ್ರೆ ಹಾಗೇ ಮಾಡಿಸಿ, ಒಳಗೆ ಬಿದ್ದವರ ಮೈ ಬಾಗಿಲಿಗೆ ಅಡ್ಡ ಬರಲ್ಲ. ಕಾರ್ಪೆಂಟರ್‌ಗೆ ಕೊನೇ ದುಡ್ಡು ಕೊಡೋ ಮುಂಚೆ ಒಬ್ಬರು ಒಳಗೆ ಹೋಗಿ ಲಾಕ್ ಹಾಕಲಿ, ಇನ್ನೊಬ್ಬರು ಹೊರಗಿಂದ ಒಂದು ರೂಪಾಯಿ ನಾಣ್ಯದಲ್ಲಿ ತೆಗೆಯಲಿ. ನಾಣ್ಯ ಸೀಳಿನಲ್ಲಿ ಕೂರದಿದ್ರೆ, ತಿರುಗಿಸೋಕೆ ಜೋರು ಹಾಕಬೇಕಾದ್ರೆ, ಅವತ್ತೇ ಬಿಚ್ಚಿ ಸರಿ ಮಾಡಿಸಿ.